ಚೆಕ್ ಕೊಲಾಚ್: ಕರಾವಳಿಯ ಮನೆಯಲ್ಲಿ ಮಾಡುವ ಕ್ರಮ, ಸವಿಯಬೇಕಾದ ಊರುಗಳು

ಕೊಲಾಚ್ ಚೆಕ್ ದೇಶದ ಮನೆಮನೆಯ ತಿನಿಸು. ಹಾಲು, ಬೆಣ್ಣೆ ಮತ್ತು ಈಸ್ಟ್ ಸೇರಿಸಿ ನಾದಿ ಹುದುಗಿಸಿದ ಮೈದಾ ಹಿಟ್ಟನ್ನು ಉಂಡೆ ಮಾಡಿ, ನಡುವೆ ಅಗಲವಾದ ಗುಳಿ ತೆಗೆದು, ಆ ಗುಳಿಯಲ್ಲಿ ಅರೆದ ಗಸಗಸೆಯನ್ನೋ, ಹಾಲನ್ನು ಹುಳಿ ಬರಿಸಿ ನೀರು ಬಸಿದು ತೆಗೆದ ತ್ವರೊಹ್ ಎಂಬ ಮೆದು ಚೀಸನ್ನೋ, ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡಿದ ಪ್ಲಮ್ ಹಣ್ಣಿನ ತಿರುಳನ್ನೋ ತುಂಬಿ ಬೇಯಿಸಿದರೆ ಕೊಲಾಚ್ ಸಿದ್ಧವಾಗುತ್ತದೆ. ಹೂರಣ ಹೊರಗೆ ಕಾಣದಂತೆ ಹಿಟ್ಟನ್ನು ಪೂರ್ತಿ ಮುಚ್ಚಿ, ಒಂದೇ ತಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿ ಬೇಯಿಸಿದವಕ್ಕೆ ಬುಖ್ತಿ ಎಂದು ಹೆಸರು. ಒಳಗೆ ಸಾಸೇಜ್ ಇಟ್ಟು ಸುತ್ತಿದ ಖಾರದ ಬಗೆಗೆ ಕ್ಲೊಬಾಸ್ನಿಕ್ ಎನ್ನುತ್ತಾರೆ. ಇದು ಹುಟ್ಟಿದ್ದು ಚೆಕ್ ದೇಶದಲ್ಲಲ್ಲ, ಅಲ್ಲಿಂದ ವಲಸೆ ಹೋದವರು ನೆಲೆಸಿದ ಅಮೆರಿಕದ ಟೆಕ್ಸಸ್‌ನಲ್ಲಿ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಲ್ಲಾಗಲಿ ಈ ತಿನಿಸಿಗೆ ಬೇಕಾದ ಮುಖ್ಯ ಸಾಮಗ್ರಿಗಳೆಲ್ಲ ಪೇಟೆಯಲ್ಲೇ ಸಿಗುತ್ತವೆ. ತೊಡಕು ಇರುವುದು ನೀರಿನಂಶದಲ್ಲಿ. ನಮ್ಮ ಹವೆಯಲ್ಲಿ ತೇವ ಹೆಚ್ಚು, ನಮ್ಮ ಹಣ್ಣುಗಳಲ್ಲಿ ರಸ ಹೆಚ್ಚು. ಚೆಕ್ ಅಡುಗೆಯ ಅಳತೆಗಳನ್ನು ಇದ್ದ ಹಾಗೆಯೇ ಪಾಲಿಸಿದರೆ ಹಿಟ್ಟು ಕೈಗೆ ಅಂಟುತ್ತದೆ, ಹೂರಣ ಹರಿದು ತಟ್ಟೆಯ ಮೇಲೆ ಸುಡುತ್ತದೆ. ಹೋಳಿಗೆ ಮಾಡಿ ಅಭ್ಯಾಸವಿರುವವರಿಗೆ ಕಣಕ ಎಷ್ಟು ಮೆತ್ತಗಿರಬೇಕು, ಹೂರಣ ಎಷ್ಟು ಗಟ್ಟಿಯಾಗಿರಬೇಕು ಎಂಬ ಅಂದಾಜು ಕೈಯಲ್ಲೇ ಇರುತ್ತದೆ. ಕೊಲಾಚ್‌ನಲ್ಲಿಯೂ ಗೆಲ್ಲಿಸುವುದು ಅದೇ ಅಂದಾಜು. ಆದುದರಿಂದ ಹೂರಣಗಳನ್ನು ಮೊದಲು ಮಾಡಿ, ಪೂರ್ತಿ ಆರಲು ಬಿಟ್ಟು, ಆಮೇಲೆ ಹಿಟ್ಟಿಗೆ ಕೈ ಹಾಕಬೇಕು. ಬಿಸಿ ಹೂರಣ ಬಿದ್ದ ಕಡೆ ಹಿಟ್ಟಿನ ಬೆಣ್ಣೆ ಕರಗಿ, ಗುಳಿಯ ಅಂಚು ಕುಸಿಯುತ್ತದೆ.

ಸಿಹಿ ಹೂರಣಗಳು

ಗಸಗಸೆಯಿಂದಲೇ ಆರಂಭಿಸುವುದು ಸೂಕ್ತ, ಏಕೆಂದರೆ ಪಾಯಸದ ಮೂಲಕ ಅದು ನಮಗೆ ಚಿರಪರಿಚಿತ. ಅಡುಗೆಯ ಗಸಗಸೆಯನ್ನು ಬಹಳವಾಗಿ ಬೆಳೆಯುವ ದೇಶಗಳಲ್ಲಿ ಚೆಕ್ ಒಂದು. ಅಲ್ಲಿಯದು ಕಡು ನೀಲಿ ಬಣ್ಣದ್ದು, ನಮ್ಮಲ್ಲಿ ಸಿಗುವುದು ಬಿಳಿಯದು. ಬಿಳಿ ಗಸಗಸೆಯ ರುಚಿ ತುಸು ಸೌಮ್ಯವಾದರೂ ಕೊಲಾಚ್‌ಗೆ ಚೆನ್ನಾಗಿಯೇ ಒಗ್ಗುತ್ತದೆ. ಇಡಿಯಾಗಿ ಹಾಕಿದರೆ ಮಾತ್ರ ಬಾಯಿಗೆ ಮರಳಿನಂತೆ ಸಿಗುವುದರಿಂದ ಪುಡಿ ಮಾಡುವುದು ಕಡ್ಡಾಯ. 150 ಗ್ರಾಂ ಗಸಗಸೆಯನ್ನು ಬಾಣಲೆಯಲ್ಲಿ ಬಣ್ಣ ಬದಲಾಗದಷ್ಟು ಬೆಚ್ಚಗೆ ಮಾಡಿ, ಆರಿದ ಮೇಲೆ 60 ಗ್ರಾಂ ಸಕ್ಕರೆಯೊಂದಿಗೆ ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಈ ಪುಡಿಯನ್ನು 150 ಮಿಲಿಲೀಟರ್ ಕುದಿಯುವ ಹಾಲಿಗೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ, ಸೌಟಿನಿಂದ ಜಾರದೆ ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಬೇಯಿಸಿ, ಕೊನೆಗೆ ಚಿಟಿಕೆ ದಾಲ್ಚಿನ್ನಿ ಪುಡಿ ಮತ್ತು ಒಂದು ಚಮಚ ಜೇನುತುಪ್ಪ ಹಾಕಬೇಕು. ಶಿರಸಿ ಸುತ್ತಿನವರ ಮನೆಯಲ್ಲಿ ಒಳ್ಳೆಯ ಜೇನು ಇದ್ದರೆ ಅದನ್ನು ಉಳಿಸಿಡಲು ಇದಕ್ಕಿಂತ ಯೋಗ್ಯವಾದ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಪಾಯಸಕ್ಕೆ ಮಾಡುವಂತೆ ನೆನೆಸಿ ರುಬ್ಬಿಯೂ ಈ ಹೂರಣ ಮಾಡಬಹುದು. ಆಗ ನೀರಿನಂಶ ಹೆಚ್ಚಿರುತ್ತದೆಯಾದ್ದರಿಂದ ಹಾಲನ್ನು ಅರ್ಧಕ್ಕೆ ಇಳಿಸಿ, ಇಳಿಸುವ ಮುನ್ನ ಒಂದು ಹಿಡಿ ರಸ್ಕ್ ಪುಡಿ ಬೆರೆಸಬೇಕು. ಚೆಕ್ ಮನೆಗಳಲ್ಲೂ ಸಡಿಲವಾದ ಹೂರಣಕ್ಕೆ ಒಣ ಬ್ರೆಡ್ಡಿನ ಪುಡಿಯನ್ನೇ ಬೆರೆಸುತ್ತಾರೆ.

ತ್ವರೊಹ್ ನಮ್ಮಲ್ಲಿ ಸಿಗುವುದಿಲ್ಲವೆಂದು ಅನೇಕರು ಪನೀರನ್ನು ತುರಿದು ಹಾಕುತ್ತಾರೆ. ಆದರೆ ಬಿಸಿ ಹಾಲನ್ನು ನಿಂಬೆರಸದಿಂದ ಒಡೆಸಿ ಮಾಡುವ ಪನೀರು ಬೆಂದ ಮೇಲೆ ಕಾಳು ಕಾಳಾಗಿ ಒಣಗುತ್ತದೆ, ಹಾಲನ್ನು ನಿಧಾನವಾಗಿ ಹುಳಿಯಾಗಿಸಿ ಮಾಡುವ ತ್ವರೊಹ್ ನಯವಾಗಿ ಉಳಿಯುತ್ತದೆ. ಆದ್ದರಿಂದ ದಪ್ಪ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಒಂದು ರಾತ್ರಿ ಫ್ರಿಜ್ಜಿನಲ್ಲಿ ತೂಗುಹಾಕಿ ನೀರು ಬಸಿದು, ಆ ಮೊಸರನ್ನೂ ಮನೆಯಲ್ಲೇ ಒಡೆಸಿದ ಮೆತ್ತನೆಯ ಪನೀರನ್ನೂ ಸಮಸಮವಾಗಿ ಬೆರೆಸುವುದು ಉತ್ತಮ ಉಪಾಯ. ಬೇಸಗೆಯ ಕಾರವಾರದಲ್ಲಿ ಮೊಸರಿನ ಗಂಟನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಹುಳಿ ಮಿತಿಮೀರಿರುತ್ತದೆ. 250 ಗ್ರಾಂ ಮಿಶ್ರಣಕ್ಕೆ 50 ಗ್ರಾಂ ಸಕ್ಕರೆ ಪುಡಿ, ಒಂದು ಮೊಟ್ಟೆಯ ಹಳದಿ, ತುರಿದ ನಿಂಬೆ ಸಿಪ್ಪೆ, ಒಂದಷ್ಟು ಒಣದ್ರಾಕ್ಷಿ ಸಾಕು. ಮೊಟ್ಟೆ ಬಳಸದ ಮನೆಗಳಲ್ಲಿ ಹಳದಿಯ ಬದಲು ಒಂದು ಚಮಚ ಜೋಳದ ಪಿಷ್ಟ, ಅಂದರೆ ಅಂಗಡಿಯ ಕಾರ್ನ್‌ಫ್ಲೋರ್ ಹಾಕಬೇಕು; ಅದು ಬೇಯುವಾಗ ಬಿಡುವ ನೀರನ್ನು ಹಿಡಿದಿಡುತ್ತದೆ.

ಪ್ಲಮ್ ಹಣ್ಣಿನ ಪೊವಿಡ್ಲ ಎಂಬ ಗಟ್ಟಿ ಪಾಕದ ಜಾಗದಲ್ಲಿ ನಮ್ಮ ಹಣ್ಣುಗಳನ್ನು ತರುವುದು ಈ ಕೆಲಸದ ಅತ್ಯಂತ ಸೊಗಸಾದ ಭಾಗ. ಸಾಂಪ್ರದಾಯಿಕ ಪೊವಿಡ್ಲಕ್ಕೆ ಸಕ್ಕರೆಯನ್ನೇ ಹಾಕದೆ, ಹಣ್ಣಿನದೇ ಸಕ್ಕರೆ ಸಾಂದ್ರವಾಗುವವರೆಗೆ ಕುದಿಸುತ್ತಾರೆ. ಅಂಗಡಿಯ ಜಾಮ್ ಈ ಕೆಲಸಕ್ಕೆ ಬಾರದು, ಓವನ್ನಿನ ಬಿಸಿಗೆ ಅದು ಕರಗಿ ಹರಿಯುತ್ತದೆ. ಬನವಾಸಿ ಕಡೆಯ ಅನಾನಸ್ ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅದರ ಹುಳಿ ಬೆಣ್ಣೆಯ ಹಿಟ್ಟಿನ ಜಿಡ್ಡನ್ನು ಸರಿದೂಗಿಸುತ್ತದೆ. ಸಣ್ಣಗೆ ಹೆಚ್ಚಿದ 500 ಗ್ರಾಂ ಹಣ್ಣಿಗೆ 100 ಗ್ರಾಂ ಸಕ್ಕರೆ ಹಾಕಿ, ಸೌಟು ಎಳೆದಾಗ ಬಾಣಲೆಯ ತಳ ಕಂಡು, ಆ ದಾರಿ ಕೂಡಲೇ ಮುಚ್ಚಿಕೊಳ್ಳದಿರುವಷ್ಟು ಗಟ್ಟಿಯಾಗುವವರೆಗೆ ಬೇಯಿಸಬೇಕು. ಹಸಿ ಅನಾನಸ್ಸನ್ನು ಎಂದೂ ನೇರವಾಗಿ ಹಿಟ್ಟಿನ ಮೇಲೆ ಇಡಬಾರದು. ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಪ್ರೋಟೀನನ್ನು ಒಡೆಯುವುದರಿಂದ ಹಿಟ್ಟು ತನ್ನ ಬಿಗಿ ಕಳೆದುಕೊಳ್ಳುತ್ತದೆ, ಜೊತೆಗೆ ತ್ವರೊಹ್ ಇದ್ದರೆ ಅದು ಕಹಿಯಾಗುತ್ತದೆ. ಚೆನ್ನಾಗಿ ಕುದಿಸಿದರೆ ಈ ಕಿಣ್ವ ನಾಶವಾಗುತ್ತದೆ.

ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡು ಮಾವು ಸಿಗುತ್ತದೆ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಹಣ್ಣು ತಿರುಳಿನಲ್ಲೂ ರಸದಲ್ಲೂ ಸಮೃದ್ಧ, ಆದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಆದ್ದರಿಂದ ಒಮ್ಮೆಲೇ ಹಣ್ಣಾದ ಬುಟ್ಟಿಯನ್ನು ಗಟ್ಟಿ ಹೂರಣವಾಗಿ ಕುದಿಸಿಟ್ಟುಕೊಳ್ಳುವುದು ಜಾಣತನ. ಇದಕ್ಕೆ ಸಕ್ಕರೆ ತೀರ ಕಡಿಮೆ ಸಾಕು, ಒಂದು ಚಮಚ ನಿಂಬೆರಸ ಮಾತ್ರ ಬೇಕು. ಹಲಸಿನ ಹಣ್ಣಿನ ತೊಳೆಗಳನ್ನು ಬೇಯಿಸಿ, ಅರೆದು, ಬೆಲ್ಲ ಮತ್ತು ತುಪ್ಪದಲ್ಲಿ ಕಾಯಿಸಿದರೆ ಪೊವಿಡ್ಲಕ್ಕೆ ಬಣ್ಣದಲ್ಲೂ ಗಾಢತೆಯಲ್ಲೂ ಎಲ್ಲಕ್ಕಿಂತ ಸಮೀಪದ ಹೂರಣ ದೊರೆಯುತ್ತದೆ. ಬೆಲ್ಲ ಅಚ್ಚಿನದಾಗಿರಲಿ. ಜೋನಿ ಬೆಲ್ಲ ಎಷ್ಟೇ ರುಚಿಯಾದರೂ ಅದರಲ್ಲಿ ನೀರಿನಂಶವಿರುವುದರಿಂದ ಹೂರಣ ಓವನ್ನಿನಲ್ಲಿ ಉಕ್ಕಿ ಅಂಚು ದಾಟುತ್ತದೆ. ಅದನ್ನು ಬೆಂದ ಮೇಲೆ ಮೇಲಿನಿಂದ ಸುರಿದುಕೊಂಡು ತಿನ್ನಬಹುದು.

ಹಿಟ್ಟು

ಹದಿನೆಂಟು ಕೊಲಾಚ್‌ಗೆ 500 ಗ್ರಾಂ ಮೈದಾ, 75 ಗ್ರಾಂ ಸಕ್ಕರೆ, 7 ಗ್ರಾಂ ಇನ್‌ಸ್ಟಂಟ್ ಈಸ್ಟ್, ಒಂದು ಸಣ್ಣ ಚಮಚ ಉಪ್ಪು, 80 ಗ್ರಾಂ ಕರಗಿಸಿ ಆರಿಸಿದ ಬೆಣ್ಣೆ, ಎರಡು ಮೊಟ್ಟೆಯ ಹಳದಿ ಮತ್ತು 220 ಮಿಲಿಲೀಟರ್ ಉಗುರುಬೆಚ್ಚಗಿನ ಹಾಲು ಬೇಕು. ಮೊಟ್ಟೆ ಬೇಡವೆಂದರೆ ಎರಡು ದೊಡ್ಡ ಚಮಚ ಗಟ್ಟಿ ಮೊಸರನ್ನು ಹಾಕಬಹುದು. ಬಣ್ಣ ತುಸು ತೆಳುವಾಗುತ್ತದೆಯೇ ಹೊರತು ಮೃದುತ್ವಕ್ಕೆ ಕೊರತೆಯಾಗದು. ಮಳೆಗಾಲದಲ್ಲಿ ಮೈದಾ ಗಾಳಿಯ ತೇವವನ್ನು ಹೀರಿಕೊಂಡಿರುವುದರಿಂದ ಹಾಲಿನಲ್ಲಿ ಎರಡು ದೊಡ್ಡ ಚಮಚದಷ್ಟನ್ನು ತೆಗೆದಿಟ್ಟುಕೊಂಡು, ನಾದುವಾಗ ಅಗತ್ಯ ಕಂಡರಷ್ಟೇ ಸೇರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಆ ಹಾಲು ಬಹುಮಟ್ಟಿಗೆ ಬೇಕಾಗುವುದೇ ಇಲ್ಲ.

ಎಲ್ಲವನ್ನೂ ಕೂಡಿಸಿ ಕೈಯಿಂದ ಕನಿಷ್ಠ ಹತ್ತು ಹನ್ನೆರಡು ನಿಮಿಷ ನಾದಬೇಕು. ಮೊದಲ ಐದು ನಿಮಿಷ ಹಿಟ್ಟು ಬೆರಳಿಗೆ ಅಂಟುತ್ತದೆ. ಆಗ ಒಣ ಮೈದಾ ಉದುರಿಸುವ ಮನಸ್ಸಾಗುವುದು ಸಹಜವಾದರೂ ಹಾಗೆ ಮಾಡಬಾರದು, ಏಕೆಂದರೆ ಆಮೇಲೆ ಬೇಯುವ ತಿನಿಸು ಕೊಲಾಚ್ ಆಗದೆ ಬಿರುಸಾದ ಬನ್ ಆಗುತ್ತದೆ. ನಾದುತ್ತ ಹೋದಂತೆ ಅಂಟು ತಾನಾಗಿ ಬಿಡುತ್ತದೆ, ಹಿಟ್ಟಿಗೆ ಹೊಳಪು ಬರುತ್ತದೆ, ಚೂರನ್ನು ಹಿಡಿದು ಎಳೆದರೆ ಹರಿಯದೆ ತೆಳ್ಳಗಾಗುತ್ತದೆ. ಆ ಹದಕ್ಕೆ ಬಂದ ಹಿಟ್ಟನ್ನು ಬೆಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ಎರಡು ಪಟ್ಟು ಉಬ್ಬುವವರೆಗೆ ಬಿಡಬೇಕು.

ಇಲ್ಲಿ ಗಡಿಯಾರಕ್ಕಿಂತ ಕಣ್ಣನ್ನು ನಂಬಬೇಕು. ಯುರೋಪಿನ ಅಡುಗೆಪುಸ್ತಕಗಳು ತಣ್ಣನೆಯ ಅಡುಗೆಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಮಯ ಹೇಳುತ್ತವೆ. ಕುಮಟೆಯಲ್ಲೋ ಹೊನ್ನಾವರದಲ್ಲೋ ಏಪ್ರಿಲ್ ಮಧ್ಯಾಹ್ನ ಹಿಟ್ಟು ಮುಕ್ಕಾಲು ಗಂಟೆಯಲ್ಲಿ ಉಬ್ಬಿ ನಿಲ್ಲುತ್ತದೆ, ಡಿಸೆಂಬರಿನ ಶಿರಸಿಯಲ್ಲಿ ಅದೇ ಹಿಟ್ಟು ಎರಡು ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಅತಿಯಾಗಿ ಹುದುಗಿದ ಹಿಟ್ಟಿನಲ್ಲಿ ಹುಳಿ ವಾಸನೆ ಬರುತ್ತದೆ, ಮತ್ತು ಗುಳಿ ತೆಗೆದರೆ ಅದು ನಿಲ್ಲುವುದಿಲ್ಲ. ಸೆಕೆಗಾಲದಲ್ಲಿ ಹಿಟ್ಟನ್ನು ಹಿಂದಿನ ರಾತ್ರಿಯೇ ನಾದಿ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ತೆಗೆದು ಉಂಡೆ ಮಾಡುವ ಕ್ರಮವನ್ನೇ ನಾನು ಶಿಫಾರಸು ಮಾಡುತ್ತೇನೆ. ನಿಧಾನವಾಗಿ ಹುದುಗುವುದರಿಂದ ರುಚಿ ಹೆಚ್ಚುತ್ತದೆ, ತಣ್ಣಗಿನ ಹಿಟ್ಟು ಕೈಗೆ ಅಂಟುವುದೂ ಇಲ್ಲ.

ಉಬ್ಬಿದ ಹಿಟ್ಟಿನಿಂದ ಸುಮಾರು 50 ಗ್ರಾಂ ತೂಕದ ಉಂಡೆಗಳನ್ನು ಕಟ್ಟಿ, ಬಟರ್ ಪೇಪರ್ ಹಾಸಿದ ಟ್ರೇಯಲ್ಲಿ ಅಂತರ ಬಿಟ್ಟು ಇಟ್ಟು, ಮೇಲ್ಮೈಗೆ ಬೆಣ್ಣೆ ಸವರಿ, ಅರ್ಧ ಗಂಟೆ ಬಿಡಬೇಕು. ಈ ಎರಡನೆಯ ಉಬ್ಬುವಿಕೆಯ ನಂತರವೇ ಗುಳಿ ತೆಗೆಯಬೇಕು. ಮೊದಲೇ ತೆಗೆದ ಗುಳಿ ಹಿಟ್ಟು ಉಬ್ಬಿದಂತೆ ಮುಚ್ಚಿಕೊಂಡು ಹೂರಣವನ್ನು ಹೊರಗೆ ತಳ್ಳುತ್ತದೆ. ಸಣ್ಣ ಲೋಟದ ತಳವನ್ನು ಮೈದಾದಲ್ಲಿ ಅದ್ದಿ, ಉಂಡೆಯ ನಡುವೆ ಟ್ರೇ ಮುಟ್ಟುವಷ್ಟು ಆಳಕ್ಕೆ ಒತ್ತಿದರೆ ಅಂಚು ದಪ್ಪವಾಗಿಯೂ ತಳ ತೆಳುವಾಗಿಯೂ ಉಳಿಯುತ್ತದೆ. ಗುಳಿಗೆ ಒಂದು ತುಂಬು ಚಮಚ ಹೂರಣ ಹಾಕಬೇಕು. ಜಿಪುಣತನ ಮಾಡಿದರೆ ತಿನ್ನುವಾಗ ಬರೀ ಹಿಟ್ಟು ಸಿಗುತ್ತದೆ.

ಮೇಲೆ ಉದುರಿಸುವ ಪುಡಿಯನ್ನು ಚೆಕ್ಕರು ಪೊಸಿಪ್ಕ ಅಥವಾ ದ್ರೊಬೆಂಕ ಎಂದು ಕರೆಯುತ್ತಾರೆ. 50 ಗ್ರಾಂ ಮೈದಾ, 50 ಗ್ರಾಂ ಸಕ್ಕರೆ ಮತ್ತು 35 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ರವೆಗಿಂತ ದೊಡ್ಡ ಕಾಳುಗಳಾಗಿ ಮಾಡಿದರೆ ಅದು ಸಿದ್ಧ. ಹಿಟ್ಟಿನ ಅಂಚಿಗೆ ಹಾಲು ಸವರಿ, ಈ ಪುಡಿ ಉದುರಿಸಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 190 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ಮನೆಯ ಒಟಿಜಿಯಲ್ಲಿ ಮೇಲಿನ ಕಾಯಿಲ್ ಹತ್ತಿರವಿರುವುದರಿಂದ ಟ್ರೇಯನ್ನು ನಡುವಿನ ಹಂತಕ್ಕಿಂತ ಒಂದು ಕೆಳಗೆ ಇಡುವುದು ಒಳ್ಳೆಯದು. ಹೊರಗೆ ತೆಗೆದ ಕ್ಷಣವೇ ಅಂಚುಗಳಿಗೆ ಮತ್ತೊಮ್ಮೆ ಕರಗಿದ ಬೆಣ್ಣೆ ಹಚ್ಚಬೇಕು. ಕೊಲಾಚ್ ಮೃದುವಾಗಿ ಉಳಿಯುವುದು ಇದರಿಂದಲೇ. ಓವನ್ ಇಲ್ಲದವರು ಪರಿಚಯದ ಬೇಕರಿಯವರನ್ನು ವಿನಂತಿಸಿ ಅವರ ಭಟ್ಟಿಯಲ್ಲಿ ಬೇಯಿಸಿಕೊಳ್ಳಬಹುದು. ಬ್ರೆಡ್ಡು ಪಾವು ಬೆಂದು ಶಾಖ ತುಸು ಇಳಿದ ಹೊತ್ತು ಕೊಲಾಚ್‌ಗೆ ಹೇಳಿ ಮಾಡಿಸಿದಂತಿರುತ್ತದೆ.

ಖಾರದ ಬಗೆ

ಖಾರದ ಹೂರಣಕ್ಕೆ ಹಿಟ್ಟಿನ ಸಕ್ಕರೆಯನ್ನು 75 ಗ್ರಾಮಿನಿಂದ 30 ಗ್ರಾಮಿಗೆ ಇಳಿಸಬೇಕು. ಪೂರ್ತಿ ತೆಗೆಯಬಾರದು, ಕ್ಲೊಬಾಸ್ನಿಕ್‌ನ ಹಿತ ಇರುವುದೇ ಒಳಗಿನ ಉಪ್ಪು ಖಾರಕ್ಕೂ ಹೊರಗಿನ ಸಣ್ಣ ಸಿಹಿಗೂ ನಡುವಿನ ಸಂಬಂಧದಲ್ಲಿ. ಟೆಕ್ಸಸ್‌ನ ವೆಸ್ಟ್ ಎಂಬ ಪಟ್ಟಣದ ವಿಲೇಜ್ ಬೇಕರಿ 1950ರ ದಶಕದ ಆರಂಭದಲ್ಲಿ ಇದನ್ನು ಮೊದಲು ಮಾಡಿದ್ದು ತಾನೆಂದು ಹೇಳಿಕೊಂಡಿದೆ. ಅಲ್ಲಿ ಹೊಗೆಯಾಡಿಸಿದ ಸಾಸೇಜನ್ನು, ಹಲವೆಡೆ ಚೀಸ್ ಮತ್ತು ಹಲಪೆನ್ಯೊ ಮೆಣಸಿನಕಾಯಿಯ ಜೊತೆಗೆ, ಹಿಟ್ಟಿನಲ್ಲಿ ಸುತ್ತಿ ಬೇಯಿಸುತ್ತಾರೆ.

ಕಾರವಾರದವರಿಗೆ ಗೋವೆ ಪಕ್ಕದಲ್ಲೇ ಇರುವುದರಿಂದ ಮಡಗಾಂವ್ ಮಾರುಕಟ್ಟೆಯಲ್ಲಿ ಸರವಾಗಿ ತೂಗುಹಾಕಿ ಮಾರುವ ಗೋವನ್ ಸಾಸೇಜ್ ತರುವುದು ಕಷ್ಟವಲ್ಲ. ವಿನೆಗರ್ ಮತ್ತು ಕೆಂಪು ಮೆಣಸಿನ ಹದವಿರುವ ಆ ಹಂದಿಮಾಂಸದ ಸಾಸೇಜ್ ಟೆಕ್ಸಸ್‌ನದಕ್ಕಿಂತ ತೀಕ್ಷ್ಣ. ಅದನ್ನು ಇಡಿಯಾಗಿ ಸುತ್ತದೆ, ತೊಗಲು ಬಿಡಿಸಿ ಈರುಳ್ಳಿಯ ಜೊತೆ ಪೂರ್ತಿ ಬೇಯಿಸಿ, ಬಿಟ್ಟ ಕೊಬ್ಬನ್ನು ಬಸಿದು, ಆರಿದ ಮೇಲೆ ತುಂಬಬೇಕು. ಹಂದಿಮಾಂಸ ತಿನ್ನದವರಿಗೆ ಕೋಳಿಯ ಸಾಸೇಜ್ ಇದೆ. ಸಿಗಡಿಯನ್ನು ಬಳಸುವುದಾದರೆ ಗಸಿ ಉಳಿಯದ ಹಾಗೆ ಒಣ ಮಸಾಲೆಯಲ್ಲಿ ಹುರಿದು ಸಣ್ಣಗೆ ಹೆಚ್ಚಬೇಕು, ಮತ್ತು ಅದನ್ನು ಮಾಡಿದ ದಿನವೇ ತಿನ್ನಬೇಕು.

ಸಸ್ಯಾಹಾರಿಗಳಿಗೆ ಚೆಕ್ ಅಡುಗೆಯೇ ದಾರಿ ತೋರಿಸುತ್ತದೆ. ಅಲ್ಲಿ ಎಲೆಕೋಸನ್ನು ಸಣ್ಣಗೆ ಸೀಳಿ, ಸಕ್ಕರೆ ಮತ್ತು ಕರಿಮೆಣಸಿನೊಂದಿಗೆ ಕಂದು ಬಣ್ಣ ಬರುವವರೆಗೆ ಬಾಡಿಸಿ ಕೊಲಾಚ್‌ಗೆ ತುಂಬುವ ಪದ್ಧತಿ ಇದೆ. ಶಿರಸಿಯ ಕರಿಮೆಣಸನ್ನು ಆಗಲೇ ಕುಟ್ಟಿ ಹಾಕಿದರೆ, ಕುಮಟೆಯ ಸಿಹಿ ಈರುಳ್ಳಿಯನ್ನು ಎಲೆಕೋಸಿನಷ್ಟೇ ಪ್ರಮಾಣದಲ್ಲಿ ಸೇರಿಸಿ ಬೆಣ್ಣೆಯಲ್ಲಿ ನಿಧಾನವಾಗಿ ಕಂದಿಸಿದರೆ, ಸಕ್ಕರೆಯ ಅಗತ್ಯವೇ ಬೀಳದು. ನನ್ನ ದೃಷ್ಟಿಯಲ್ಲಿ ಖಾರದ ಬಗೆಗಳಲ್ಲೆಲ್ಲ ಇದೇ ಶ್ರೇಷ್ಠ. ಉಪ್ಪನ್ನು ಕೊನೆಗೆ ಹಾಕದೆ ಮೊದಲೇ ಹಾಕಿದರೆ ತರಕಾರಿಯ ನೀರು ಬಾಣಲೆಯಲ್ಲೇ ಹೊರಬಂದು ಆರುತ್ತದೆ. ಖಾರದ ಹೂರಣವನ್ನು ಗುಳಿಯಲ್ಲಿ ಇಡುವುದಕ್ಕಿಂತ ಪೂರ್ತಿ ಮುಚ್ಚಿ, ಬೆಸೆದ ಭಾಗ ಕೆಳಗೆ ಬರುವಂತೆ ಟ್ರೇಯಲ್ಲಿಡುವುದು ಉತ್ತಮ. ಬೇಯುವ ಸಮಯಕ್ಕೆ ಎರಡು ಮೂರು ನಿಮಿಷ ಹೆಚ್ಚು ಸೇರಿಸಬೇಕು.

ಎಲ್ಲಿ ಸವಿಯಬೇಕು

ಓದಿಗೋ ಉದ್ಯೋಗಕ್ಕೋ ಹೊರದೇಶಕ್ಕೆ ಹೋಗುವ ನಮ್ಮ ಜಿಲ್ಲೆಯ ಮಕ್ಕಳು ಅನೇಕರಿರುವುದರಿಂದ ಮೂಲದ ರುಚಿ ಎಲ್ಲಿ ಸಿಗುತ್ತದೆಂಬುದನ್ನೂ ಹೇಳಬೇಕು. ಪ್ರಾಗ್‌ನ ಪ್ರವಾಸಿ ಬೀದಿಗಳಲ್ಲಿ ಕೋಲಿಗೆ ಸುತ್ತಿ ಸುಡುವ ತ್ರ್ದೆಲ್ನಿಕ್ ಎಲ್ಲೆಲ್ಲೂ ಕಾಣುತ್ತದೆ, ಆದರೆ ಅದು ಅಲ್ಲಿಯ ಹಳೆಯ ತಿನಿಸಲ್ಲ. ಊರಿನವರು ಬೆಳಗ್ಗೆ ಬ್ರೆಡ್ ಕೊಳ್ಳುವ ಸಾಮಾನ್ಯ ಬೇಕರಿಗೆ ಹೋದರೆ ಕೊಲಾಚ್ ಸಿಗುತ್ತದೆ. ಪೂರ್ವದ ಮೊರಾವಿಯಾ ಪ್ರಾಂತದ ವಲಾಷ್ಸ್ಕೊ ಬೆಟ್ಟಸೀಮೆಯಲ್ಲಿ, ರೊಜ್ನೋವ್ ಪಟ್ಟಣದ ಸುತ್ತಮುತ್ತ, ಸುಮಾರು 30 ಸೆಂಟಿಮೀಟರ್ ಅಗಲದ ತೆಳ್ಳನೆಯ ಫ್ರ್ಗಾಲ್ ಎಂಬ ಕೊಲಾಚ್ ಮಾಡುತ್ತಾರೆ. ಒಣಗಿಸಿದ ಪೇರ್ ಹಣ್ಣಿನ ಹೂರಣ ಅದರ ವಿಶೇಷ, ಮತ್ತು ಅದಕ್ಕೆ 2013ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆ ದೊರೆಯಿತು. ಪಶ್ಚಿಮದ ದೊಮಾಜ್ಲಿಟ್ಸೆ ಪಟ್ಟಣದ ಖೊಡ್ ಸೀಮೆಯಲ್ಲಿ ಒಂದೇ ದೊಡ್ಡ ಕೊಲಾಚ್ ಮೇಲೆ ತ್ವರೊಹ್, ಗಸಗಸೆ, ಪೊವಿಡ್ಲ ಮೂರನ್ನೂ ಹೂಬಳ್ಳಿಯಂತೆ ಚಿತ್ರಿಸುತ್ತಾರೆ. ಮದುವೆಗೆ ಮುನ್ನ ಬಂಧುಗಳಿಗೂ ನೆರೆಯವರಿಗೂ ಒಂದೇ ತುತ್ತಿನ ಪುಟ್ಟ ಕೊಲಾಚ್‌ಗಳನ್ನು ಹಂಚುವ ಪದ್ಧತಿ ಚೆಕ್ ಹಳ್ಳಿಗಳಲ್ಲಿ ಇಂದಿಗೂ ಇದೆ.

ಅಮೆರಿಕದಲ್ಲಿರುವವರಿಗೆ ಟೆಕ್ಸಸ್ ಹತ್ತಿರವಾದರೆ ಅದೃಷ್ಟ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಅಲ್ಲಿಗೆ ಬಂದ ಚೆಕ್ ವಲಸಿಗರಲ್ಲಿ ಹೆಚ್ಚಿನವರು ಮೊರಾವಿಯಾದವರು. ಡಲ್ಲಾಸ್ ಮತ್ತು ಆಸ್ಟಿನ್ ನಗರಗಳ ನಡುವಿನ ಹೆದ್ದಾರಿಯಲ್ಲಿ ವೆಸ್ಟ್ ಪಟ್ಟಣದ ಚೆಕ್ ಸ್ಟಾಪ್ ಎಂಬ ಅಂಗಡಿ ಪ್ರಸಿದ್ಧ. ಕಾಲ್ಡ್‌ವೆಲ್ ಪಟ್ಟಣವನ್ನು ರಾಜ್ಯದ ಶಾಸನಸಭೆ 1989ರಲ್ಲಿ ಟೆಕ್ಸಸ್‌ನ ಕೊಲಾಚ್ ರಾಜಧಾನಿಯೆಂದು ಘೋಷಿಸಿತು, ಅಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಕೊಲಾಚ್ ಹಬ್ಬ ನಡೆಯುತ್ತದೆ. ಅಯೋವಾ ರಾಜ್ಯದ ಸೀಡರ್ ರ್‍ಯಾಪಿಡ್ಸ್ ನಗರದ ಚೆಕ್ ವಿಲೇಜ್ ಬಡಾವಣೆಯೂ ನೋಡತಕ್ಕದ್ದು. ಟೆಕ್ಸಸ್‌ನಲ್ಲಿ ಅನೇಕರು ಸಾಸೇಜ್ ಇರುವುದನ್ನೂ ಕೊಲಾಚ್ ಎಂದೇ ಕರೆಯುವುದರಿಂದ ಮಾಂಸ ತಿನ್ನದವರು ಕೇಳಿಯೇ ಕೊಳ್ಳಬೇಕು.

ನಮ್ಮ ಊರಿನಲ್ಲಿ ಮನೆಯಲ್ಲಿ ಮಾಡಿದ ಕೊಲಾಚ್ ಎಲ್ಲಿ ಕುಳಿತು ತಿಂದರೆ ಚೆನ್ನ ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ಗಸಗಸೆಯದು ಘಟ್ಟದ ಮೇಲಿನ ಮಳೆಯ ಸಂಜೆಗೆ ಸೇರಿದ್ದು. ಬಿಸಿ ಕಷಾಯದ ಕೊತ್ತಂಬರಿ ಜೀರಿಗೆಯ ಘಮ ಅದರ ದಾಲ್ಚಿನ್ನಿಯೊಂದಿಗೆ ಬೆರೆಯುತ್ತದೆ. ಅನಾನಸ್ಸಿನದು ಮತ್ತು ಎಲೆಕೋಸಿನದು ಡಬ್ಬಿಯಲ್ಲಿ ಪಯಣಿಸಬಲ್ಲವು, ಆದ್ದರಿಂದ ಕಾರವಾರದ ಟಾಗೋರ್ ಕಡಲತೀರಕ್ಕೋ ದೇವಬಾಗಕ್ಕೋ ಸಂಜೆ ಹೋಗುವವರು ಫ್ಲಾಸ್ಕಿನ ಚಹಾದೊಂದಿಗೆ ಅವನ್ನು ಒಯ್ಯಬಹುದು. ತ್ವರೊಹ್ ಕೊಲಾಚ್ ಮಾತ್ರ ಮನೆಯಲ್ಲೇ, ಬೆಂದು ಅರ್ಧ ಗಂಟೆಯೊಳಗೆ, ಸ್ಟ್ರಾಂಗ್ ಫಿಲ್ಟರ್ ಕಾಫಿಯ ಜೊತೆ ತಿನ್ನಬೇಕು. ಸೆಕೆಯಲ್ಲಿ ಅದನ್ನು ಹೊರಗೆ ಒಯ್ಯುವುದು ಕ್ಷೇಮವಲ್ಲ.

ಉಳಿದವುಗಳಲ್ಲಿ ಹಾಲು, ಮಾಂಸ, ಮೀನಿನ ಹೂರಣವಿರುವವನ್ನು ಫ್ರಿಜ್ಜಿನಲ್ಲಿಯೂ ಹಣ್ಣಿನವನ್ನು ಮುಚ್ಚಿದ ಡಬ್ಬಿಯಲ್ಲಿ ಹೊರಗೂ ಇಡಬಹುದು. ಫ್ರಿಜ್ಜಿನ ತಂಪಿಗೆ ಹಿಟ್ಟು ಗಡುಸಾಗುವುದರಿಂದ ತಿನ್ನುವ ಮುನ್ನ 150 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಬೇಕು. ಹೆಚ್ಚು ದಿನ ಉಳಿಸಬೇಕಿದ್ದರೆ, ಆರಿದ ಕೂಡಲೇ ಫ್ರೀಜರಿನಲ್ಲಿಟ್ಟು, ಬೇಕಾದಾಗ ಕರಗಲು ಬಿಟ್ಟು ಬಿಸಿ ಮಾಡಿದರೆ ತಾಜಾತನ ಬಹುಪಾಲು ಉಳಿಯುತ್ತದೆ. ಭಟ್ಕಳ, ಹೊನ್ನಾವರದ ಕಡೆ ಕೊಲ್ಲಿ ದೇಶಗಳಲ್ಲಿ ದುಡಿಯುವವರಿರುವ ಮನೆಗಳು ಬಹಳ. ದುಬೈಗೆ ಹೊರಟವರ ಚೀಲದಲ್ಲಿ ಹಣ್ಣಿನ ಕೊಲಾಚ್ ಇಡಬಹುದು, ಗಸಗಸೆಯದನ್ನು ಮಾತ್ರ ಎಂದೂ ಇಡಬಾರದು, ಏಕೆಂದರೆ ಯುಎಇಯಲ್ಲಿ ಗಸಗಸೆ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ ಮತ್ತು ಅಡುಗೆಗೆಂದು ತಂದದ್ದೆಂಬ ವಿವರಣೆ ಅಲ್ಲಿ ನಡೆಯುವುದಿಲ್ಲ.